ಎರಡು ಊರಿನ ಒಂದು ಲೆಕ್ಕ

ಅರ್ಧ ಗಂಟೆ ಶಾಖಾ ಕಚೇರಿಗಳ ಬಗ್ಗೆ, ಅರ್ಧ ಗಂಟೆ ದೀರ್ಘ ದಾಂಪತ್ಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದರು. ನನಗೆ ಅವೆರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ. 34 ವರ್ಷ ಬ್ಯಾಂಕಿನಲ್ಲಿ ದುಡಿದೆ. ಅದರಲ್ಲಿ 11 ವರ್ಷ ಒಂದಲ್ಲ ಒಂದು ಶಾಖೆಯ ಮ್ಯಾನೇಜರ್ ಆಗಿದ್ದೆ. ಮದುವೆಯಾಗಿ 41 ವರ್ಷವಾಯಿತು. ಆ 41ರಲ್ಲಿ ನಾಲ್ಕು ವರ್ಷ ನಾನು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ನಮ್ಮ ಯಜಮಾನರು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸಾಗರದಲ್ಲಿ. ಇವತ್ತು ಆ ನಾಲ್ಕು ವರ್ಷಗಳ ಮಾತನ್ನೇ ಹೆಚ್ಚು ಆಡುತ್ತೇನೆ. ಏಕೆಂದರೆ ನಿಮ್ಮಲ್ಲಿ ಎಷ್ಟೋ ಜನ ಈಗ ಅದೇ ಸ್ಥಿತಿಯಲ್ಲಿದ್ದೀರಿ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಪುಣೆಯ ಶಾಖೆಯಲ್ಲೋ ಹೈದರಾಬಾದಿನ ಶಾಖೆಯಲ್ಲೋ. ಶನಿವಾರ ರಾತ್ರಿಯ ಬಸ್ಸಿನಲ್ಲಿ ನಿಮ್ಮಂಥವರನ್ನು ಈಗಲೂ ನೋಡುತ್ತೇನೆ, ನೋಡಿದಾಗ ಕರುಳು ಚುರುಕ್ ಎನ್ನುತ್ತದೆ.

ಮೊದಲು ಶಾಖೆ ಎಂದರೆ ಏನು ಎನ್ನುವುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಒಂದು ಕಂಪನಿ ಬೇರೆ ಊರಿನಲ್ಲಿ ವ್ಯವಹಾರ ಮಾಡಬೇಕಾದರೆ ಎರಡು ದಾರಿಗಳಿವೆ. ಅಲ್ಲಿ ಒಂದು ಅಂಗಸಂಸ್ಥೆಯನ್ನು ಕಟ್ಟಬಹುದು. ಅದು ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ, ಅದರ ಸಾಲ ಅದಕ್ಕೆ, ಅದು ಮುಳುಗಿದರೂ ತಾಯಿ ಕಂಪನಿ ಸಾಮಾನ್ಯವಾಗಿ ಹಾಕಿದ ಬಂಡವಾಳವನ್ನು ಕಳೆದುಕೊಂಡು ಈಚೆಗೆ ಬರಬಹುದು. ಇನ್ನೊಂದು ದಾರಿ ಶಾಖೆ. ಶಾಖೆಗೆ ಪ್ರತ್ಯೇಕ ಅಸ್ತಿತ್ವವಿಲ್ಲ. ಅದೂ ಕಂಪನಿಯೇ. ಹಳ್ಳಿಯಲ್ಲಿ ಕುಳಿತು ನನ್ನ ಅಧಿಕಾರದೊಳಗೆ ನಾನು ಹಾಕಿದ ಒಂದು ಸಹಿಗೆ ಇಡೀ ಬ್ಯಾಂಕು ಬದ್ಧ. ಸೆರಗಿನ ಗಂಟು ಬಿಚ್ಚಿ 50 ರೂಪಾಯಿ ಕಟ್ಟುವ ಅಜ್ಜಿಗೆ ಕೇಂದ್ರ ಕಚೇರಿಯ ಮುಖ ಗೊತ್ತಿಲ್ಲ. ಅವಳ ಪಾಲಿಗೆ ಬ್ಯಾಂಕು ಎಂದರೆ ಕೌಂಟರಿನ ಈಚೆಗೆ ಕುಳಿತಿರುವ ನಾನು. ನಾನು ಗದರಿದರೆ ಬ್ಯಾಂಕು ಗದರಿದ ಹಾಗೆ.

ಮದುವೆಯನ್ನು ನಾನು ಅಂಗಸಂಸ್ಥೆಯ ಜೊತೆಗಲ್ಲ, ಶಾಖೆಯ ಜೊತೆಗೆ ಹೋಲಿಸುವುದು ಇದಕ್ಕಾಗಿಯೇ. ಎರಡು ಊರಿನಲ್ಲಿದ್ದರೂ ಇಬ್ಬರ ಸಹಿಗೂ ಒಂದೇ ಹೊಣೆ.

ನಮ್ಮ ಕರಾವಳಿಯವರಿಗೆ ಈ ಶಾಖೆಯ ಮರ್ಮ ಬಹಳ ಬೇಗ ತಿಳಿದಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ. ಅವರಿಗೆ ಆಸರೆಯಾಗಲೆಂದು ಹುಟ್ಟಿದ ಬ್ಯಾಂಕದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಅದರ ಮೊದಲ ಶಾಖೆ 1928ರಲ್ಲಿ ಬ್ರಹ್ಮಾವರದಲ್ಲಿ ತೆರೆಯಿತು. ಉಡುಪಿಗೂ ಬ್ರಹ್ಮಾವರಕ್ಕೂ ಎಷ್ಟು ದೂರ? ಇವತ್ತಿನ ಬಸ್ಸಿಗೆ ಅರ್ಧ ಗಂಟೆಯೂ ಬೇಡ. ಆದರೆ ನಡುವೆ ಸ್ವರ್ಣಾ ನದಿಯಿದೆ. ಎರಡಾಣೆ ಉಳಿಸಿದವನು ಅದನ್ನು ಕಟ್ಟಲು ನದಿ ದಾಟಿ ಬರುವುದಿಲ್ಲ, ಬ್ಯಾಂಕೇ ಅವನಲ್ಲಿಗೆ ಹೋಗಬೇಕು. ಅದೇ ವರ್ಷ ಪಿಗ್ಮಿ ಠೇವಣಿಯೂ ಶುರುವಾಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಪಿಗ್ಮಿಯ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಇಡೀ ದೇಶದಲ್ಲಿ ಎಂಟು ಸಾವಿರ ಚಿಲ್ಲರೆ ಶಾಖೆಗಳಿದ್ದವು. 1990ರ ಹೊತ್ತಿಗೆ ಅದು 60,000ದ ಹತ್ತಿರ ಬಂತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು 1977ರಲ್ಲಿ ಬಂದ ನಿಯಮ: ಬ್ಯಾಂಕು ಈಗಾಗಲೇ ಇರುವ ಊರಿನಲ್ಲಿ ಒಂದು ಶಾಖೆ ಬೇಕಾದರೆ, ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ಶಾಖೆ ತೆರೆಯಬೇಕು. ಈ ನಿಯಮದಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ಅರ್ಥಶಾಸ್ತ್ರಜ್ಞರು ಇನ್ನೂ ಚರ್ಚಿಸುತ್ತಾರೆ. ನನ್ನ ಅಭಿಪ್ರಾಯ ಖಚಿತವಾಗಿದೆ. ಬಡ್ಡಿ ಸಾಹುಕಾರನ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಜನ ಕುರ್ಚಿಯ ಮೇಲೆ ಕುಳಿತು ಸಾಲ ಕೇಳುವಂತಾದದ್ದು ಆ ಶಾಖೆಗಳಿಂದ. ನಾನು ಹೋದ ಹಳ್ಳಿಯ ಶಾಖೆಯೂ ಆ ನಿಯಮದ ಕಾಲದಲ್ಲಿ ತೆರೆದದ್ದು.

ಆ ನಿಯಮಕ್ಕೆ ಇನ್ನೊಂದು ಮುಖವಿದೆ, ಅದನ್ನು ಯಾರೂ ಬರೆಯಲಿಲ್ಲ. ಐವತ್ತು ಸಾವಿರ ಹೊಸ ಶಾಖೆ ಎಂದರೆ ಅಷ್ಟೇ ಹೊಸ ಮ್ಯಾನೇಜರ್ ಕುರ್ಚಿಗಳು, ಅಷ್ಟೇ ವರ್ಗಾವಣೆಗಳು. ಬಡ್ತಿ ಬೇಕೆಂದರೆ ಹಳ್ಳಿಯ ಶಾಖೆಗೆ ಹೋಗಬೇಕು. ಗಂಡಸರು ಹೋದರು. ಹೆಂಡತಿ ಊರಿನಲ್ಲೇ ಉಳಿದು ಅತ್ತೆ ಮಾವನನ್ನೂ ಮಕ್ಕಳ ಶಾಲೆಯನ್ನೂ ನೋಡಿಕೊಂಡಳು. ಹೆಂಗಸರು? 1962ರಲ್ಲೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಬ್ಯಾಂಕ್ ಶಾಖೆ ತೆರೆದ ನಾಡು ನಮ್ಮದು. ಆದರೂ ನನ್ನ ಜೊತೆ ಕ್ಲರ್ಕ್ ಆಗಿ ಸೇರಿದ ಗೆಳತಿಯರಲ್ಲಿ ಬಹುಪಾಲು ಜನ ಬಡ್ತಿಯ ಪತ್ರ ಬಂದಾಗ ‘ಬೇಡ’ ಎಂದು ಬರೆದುಕೊಟ್ಟರು. ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವರು, ನನಗಿಂತ ಚುರುಕಾದವರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

1986ರಲ್ಲಿ ಕೇಂದ್ರ ಸರ್ಕಾರ ಒಂದು ಸುತ್ತೋಲೆ ಹೊರಡಿಸಿ, ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಸಾಧ್ಯವಾದಷ್ಟೂ ಒಂದೇ ಊರಿಗೆ ಹಾಕಬೇಕು ಎಂದಿತ್ತು. ನಮಗೆ ಅದರಿಂದ ಪ್ರಯೋಜನವಾಗಲಿಲ್ಲ. ನಮ್ಮ ಯಜಮಾನರು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವರಿಗೆ ವರ್ಗಾವಣೆಯೇ ಇಲ್ಲ. 1994ರಲ್ಲಿ ನನ್ನ ಬಡ್ತಿಯ ಪತ್ರ ಬಂದಾಗ ನಾನೂ ‘ಬೇಡ’ ಎಂದು ಬರೆದು, ಸಹಿ ಹಾಕಿ, ಮೇಜಿನ ಮೇಲೆ ಇಟ್ಟಿದ್ದೆ. ಅವರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು. “ಮಕ್ಕಳಿಗೆ ಅನ್ನ ಸಾರು ಮಾಡಲು ನನಗೆ ಬರುತ್ತದೆ. ನೀನು ಹೋಗಿ ಬಾ” ಎಂದರು. ಅನ್ನ ಮಾಡಲು ಬರುತ್ತಿತ್ತು. ಸಾರು ಮಾಡಲು ಬರುತ್ತಿರಲಿಲ್ಲ, ಕಲಿತರು.

ಈಗ ಆ ಹಳ್ಳಿಯ ಶಾಖೆಗೆ ಬರುತ್ತೇನೆ. ಆಗ ಅದು ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ನಾನು ಅಲ್ಲಿದ್ದಾಗಲೇ. ಇಳಕಲ್ಲು ಹತ್ತಿರವಾದ್ದರಿಂದ ಊರಿನಲ್ಲಿ ಮಗ್ಗಗಳಿದ್ದವು. ಬೆಳಿಗ್ಗೆ ಶಾಖೆಗೆ ನಡೆದು ಹೋಗುವಾಗ ಮನೆಮನೆಯಿಂದಲೂ ಲಟಕ್ ಲಟಕ್ ಸದ್ದು. ಇಳಕಲ್ ಸೀರೆಯನ್ನು ನೀವೆಲ್ಲ ಉಟ್ಟಿದ್ದೀರಿ, ಆದರೆ ಅದರ ಒಂದು ವಿಶೇಷವನ್ನು ಗಮನಿಸಿದ್ದೀರೋ ಇಲ್ಲವೋ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆ. ಅವೆರಡರ ನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಒಂದೊಂದೇ ಎಳೆಗೆ ಕೊಂಡಿ. ಆ ಕೆಲಸ ನೋಡುತ್ತಾ ಒಂದು ಭಾನುವಾರ ಇಡೀ ಮಧ್ಯಾಹ್ನ ಕುಳಿತಿದ್ದೆ. ನೂಲು ಬೆರಳಿಗೆ ಸಿಕ್ಕಿದ್ದು ನನಗೆ ಕಾಣಿಸುತ್ತಲೇ ಇರಲಿಲ್ಲ, ಅವರ ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು.

ಮಗ್ಗಕ್ಕೆ ಸಾಲ ಕೊಡುವ ಅರ್ಜಿಯಲ್ಲಿ ಒಂದು ಕಲಂ ಇತ್ತು: ಯಂತ್ರದ ಕ್ರಮಸಂಖ್ಯೆ, ತಯಾರಿಸಿದ ಕಂಪನಿಯ ಹೆಸರು. ಕುಣಿ ಮಗ್ಗಕ್ಕೆ ಎಲ್ಲಿಯ ಕ್ರಮಸಂಖ್ಯೆ? ನೆಲದಲ್ಲಿ ಕುಣಿ ತೋಡಿ, ಊರಿನ ಬಡಗಿ ಮಾಡಿದ ಚೌಕಟ್ಟು ನಿಲ್ಲಿಸಿದರೆ ಅದು ಮಗ್ಗ. ಹಿಂದಿನ ಅರ್ಜಿಗಳು ಆ ಕಲಂ ಖಾಲಿ ಇದೆ ಎಂಬ ಕಾರಣಕ್ಕೆ ಮೇಲಿನ ಕಚೇರಿಯಿಂದ ವಾಪಸು ಬಂದು ಕಡತದಲ್ಲಿ ಬಿದ್ದಿದ್ದವು. ಅರ್ಜಿಯ ನಮೂನೆ ಮಾಡಿದವರು ಕೆಟ್ಟವರಲ್ಲ, ಮಗ್ಗ ಕಂಡವರಲ್ಲ ಅಷ್ಟೇ. ನನ್ನ ಸ್ವಂತ ಅಧಿಕಾರದಲ್ಲಿ 25,000 ರೂಪಾಯಿವರೆಗೆ ಮಂಜೂರು ಮಾಡಬಹುದಿತ್ತು. ನಾನೇ ಮನೆಗೆ ಹೋಗಿ ಮಗ್ಗ ನೋಡಿ, ಆ ಕಲಮಿನಲ್ಲಿ ‘ಕುಣಿ ಮಗ್ಗ, ಖುದ್ದಾಗಿ ನೋಡಿದ್ದೇನೆ’ ಎಂದು ಬರೆದು ಸಹಿ ಹಾಕಿ ಸಾಲ ಕೊಟ್ಟೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಗಂಡ ಲಾಳಿ ಹೊಡೆಯುತ್ತಾನೆ ನಿಜ, ಆದರೆ ಕಂಡಿಕೆ ಸುತ್ತುವವಳು, ನೂಲು ಹದ ಮಾಡುವವಳು ಹೆಂಡತಿ. ಅವಳಿಲ್ಲದೆ ಒಂದು ಮೊಳವೂ ಇಳಿಯುವುದಿಲ್ಲ. ಆದ್ದರಿಂದ ಸಾಲವನ್ನು ಇಬ್ಬರ ಹೆಸರಿನಲ್ಲೂ ಬರೆದೆ. ಕಂತು ಕಟ್ಟಲು ಬಹಳ ಸಲ ಹೆಂಡತಿಯೇ ಬರುತ್ತಿದ್ದಳು, ಪಾಸ್ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು.

ಶಾಖೆಯ ಪಾತ್ರ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಸುತ್ತೋಲೆಯನ್ನು ಜಾರಿ ಮಾಡುವುದು ಶಾಖೆಯ ಅರ್ಧ ಕೆಲಸ ಮಾತ್ರ. ಮೇಲೆ ಕುಳಿತವರಿಗೆ ಕಾಣದ್ದನ್ನು ನೋಡಿ, ನೋಡಿದವರೇ ಅಲ್ಲೇ ತೀರ್ಮಾನ ಮಾಡುವುದು ಉಳಿದರ್ಧ. ಅದಕ್ಕೆ ಮಂಜೂರಾತಿಯ ಅಧಿಕಾರ ಬೇಕು. ಅಧಿಕಾರವಿಲ್ಲದ ಶಾಖೆ ಬರೀ ಅಂಚೆ ಪೆಟ್ಟಿಗೆ.

ಇಷ್ಟನ್ನು ನಾನು ಬ್ಯಾಂಕಿನ ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಅದೇ ಸಮಯದಲ್ಲಿ ಮನೆಗೆ ಏನು ಮಾಡುತ್ತಿದ್ದೆ ಗೊತ್ತೇ? ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ. ಅದರಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಸೂಚನೆಗಳು. ಮಗನಿಗೆ ಭಾನುವಾರ ಎಣ್ಣೆ ಹಚ್ಚಿ, ಮಗಳ ಸಮವಸ್ತ್ರಕ್ಕೆ ನೀಲಿ ಹಾಕುವಾಗ ಜಾಸ್ತಿ ಮಾಡಬೇಡಿ, ಅಡಿಕೆ ಮಂಡಿಯ ಹಣ ಬಂದರೆ ಇಂಥ ಖಾತೆಗೆ ಕಟ್ಟಿ. ಒಂದು ಪತ್ರದಲ್ಲಿ 14 ಸೂಚನೆಗಳಿದ್ದವು. ಎಲ್ಲವೂ ಪ್ರೀತಿಯಿಂದ ಬರೆದದ್ದೇ. ದೂರದಲ್ಲಿರುವ ತಾಯಿಗೆ ಇನ್ನೇನು ಮಾಡಲು ಸಾಧ್ಯ ಎಂದುಕೊಂಡಿದ್ದೆ.

ಎರಡನೆಯ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋದಾಗ, ಮಗಳ ಚಿನ್ನದ ಸರಕ್ಕೆಂದು ನಾನು ಕೂಡಿಟ್ಟಿದ್ದ 6,000 ರೂಪಾಯಿ ಇರಲಿಲ್ಲ. ಮನೆಯ ಮಾಡು ಬಿಚ್ಚಿ ಹೊಸ ರೀಪು ಹೊಡೆಸಿ, ಒಡೆದ ಹಂಚು ತೆಗೆಸಿ ಬೇರೆ ಹಾಕಿಸಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬಸ್ಸಿನ ಆಯಾಸವೂ ಸೇರಿ ನಾನು ಬಹಳ ಕಠಿಣವಾಗಿ ಮಾತನಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಮಳೆ ಜೂನ್ ಮೊದಲ ವಾರಕ್ಕೆ ಹಿಡಿಯುತ್ತದೆ. ನಾನು ಪತ್ರ ಬರೆದು, ನೀನು ಉತ್ತರ ಬರೆದು, ಅದು ಬಂದು ಮುಟ್ಟುವಷ್ಟರಲ್ಲಿ ಆಳುಗಳು ಬೇರೆ ಕಡೆ ಹೋಗಿರುತ್ತಿದ್ದರು, ಅಡುಗೆಮನೆಯಲ್ಲಿ ನೀರು ನಿಂತಿರುತ್ತಿತ್ತು. ನಿನ್ನ ಬ್ಯಾಂಕು ನಿನಗೆ 25,000ದವರೆಗೆ ಅಧಿಕಾರ ಕೊಟ್ಟಿದೆ ಎಂದು ನೀನೇ ಹೆಮ್ಮೆಯಿಂದ ಹೇಳಿದೆ. ನೀನು ನನಗೆ ಎಷ್ಟರವರೆಗೆ ಕೊಟ್ಟಿದ್ದೀಯ?”

ನನ್ನ ಹತ್ತಿರ ಉತ್ತರವಿರಲಿಲ್ಲ. ದುಡಿಯಲು ದೂರ ಹೋದವಳು ನಾನು, ಆದರೆ ಮನಸ್ಸಿನಲ್ಲಿ ನಾನೇ ಕೇಂದ್ರ ಕಚೇರಿಯಾಗಿ ಕುಳಿತು ಮನೆಯನ್ನು ಶಾಖೆ ಮಾಡಿದ್ದೆ. ಅದೂ ಅಧಿಕಾರವಿಲ್ಲದ ಶಾಖೆ. ಆ ರಾತ್ರಿ ಕುಳಿತು ಮಾತನಾಡಿದೆವು. ಇಷ್ಟು ಮೊತ್ತದವರೆಗೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಆಮೇಲೆ ತಿಳಿಸಿದರೆ ಸಾಕು. ಮಕ್ಕಳ ದಿನನಿತ್ಯದ ವಿಷಯದಲ್ಲಿ ಜೊತೆಗಿರುವವರ ಮಾತೇ ಕೊನೆ. ಮನೆ, ಜಮೀನು, ಮಕ್ಕಳ ಓದಿನ ದೊಡ್ಡ ತೀರ್ಮಾನಗಳಿಗೆ ಇಬ್ಬರೂ ಬೇಕು, ಭದ್ರತಾ ಕೊಠಡಿಯ ಹಾಗೆ. ಬ್ಯಾಂಕಿನ ಭದ್ರತಾ ಕೊಠಡಿಗೆ ಎರಡು ಬೀಗದ ಕೈಗಳಿರುತ್ತವೆ, ಇಬ್ಬರ ಹತ್ತಿರ ಒಂದೊಂದು, ಒಬ್ಬರೇ ತೆರೆಯಲಾಗುವುದಿಲ್ಲ. ಹಾಗೆಂದು ಪ್ರತಿ ಸಲ ಚಿಲ್ಲರೆ ಕೊಡಲು ಭದ್ರತಾ ಕೊಠಡಿ ತೆಗೆಯುತ್ತಾರೆಯೇ? ಕ್ಯಾಷಿಯರ್ ಗಲ್ಲಾದಲ್ಲಿ ದಿನಕ್ಕೆ ಬೇಕಾದಷ್ಟು ಇರುತ್ತದೆ. ನಿಮ್ಮಲ್ಲಿ ಹೊಸದಾಗಿ ಮದುವೆಯಾದವರಿಗೆ ನನ್ನ ಕಳಕಳಿಯ ಮಾತು: ಗಲ್ಲಾ ಯಾವುದು, ಭದ್ರತಾ ಕೊಠಡಿ ಯಾವುದು ಎನ್ನುವುದನ್ನು ಬಾಯಿಬಿಟ್ಟು ಮಾತನಾಡಿಕೊಳ್ಳಿ. ‘ಅಷ್ಟೂ ಅರ್ಥವಾಗುವುದಿಲ್ಲವೇ’ ಎಂದು ಬಿಟ್ಟರೆ ಅರ್ಥವಾಗುವುದಿಲ್ಲ.

ಕಂಪ್ಯೂಟರ್ ಬರುವ ಮೊದಲು ಸಂಜೆಯ ಲೆಕ್ಕ ತಾಳೆಯಾಗದೆ ಶಾಖೆಯಲ್ಲಿ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಒಂದು ಸಂಜೆ 270 ರೂಪಾಯಿ ವ್ಯತ್ಯಾಸ ಬಂತು. ಎಂಟೂವರೆ ಗಂಟೆ, ಕರೆಂಟು ಹೋಗಿ ಲಾಟೀನು ಹಚ್ಚಿದ್ದೆವು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬೇಕು ಎಂಬುದು ನಮ್ಮ ಕಸುಬಿನ ಹಳೆಯ ಪಾಠ. 270 ಒಂಬತ್ತರಿಂದ ಭಾಗವಾಗುತ್ತದೆ. ಹುಡುಕಿದರೆ, ಒಂದು ವೋಚರಿನ 630 ಲೆಡ್ಜರಿನಲ್ಲಿ 360 ಆಗಿತ್ತು. ಬರೆದ ಹುಡುಗ ಅಳುವ ಹಾಗಿದ್ದ. ಯಾರೂ ಬೈಯಲಿಲ್ಲ. ಅಂದಿನ ತಪ್ಪು ಅಂದಿನ ವೋಚರುಗಳ ಒಳಗೇ ಇರುತ್ತದೆ, ಹೆಚ್ಚೆಂದರೆ ನೂರು ಚೀಟಿ ಹುಡುಕಬೇಕು. ಒಂದು ತಿಂಗಳು ಬಿಟ್ಟರೆ ಮೂರು ಸಾವಿರ ಚೀಟಿ.

ಇನ್ನೊಂದು ಉಪಾಯವೂ ಬ್ಯಾಂಕಿನಲ್ಲಿದೆ, ಅದು ಅಪಾಯದ್ದು. ಯಾವ ಖಾತೆಗೆ ಹಾಕಬೇಕೆಂದು ತಿಳಿಯದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುವುದು. ತಾತ್ಕಾಲಿಕವಾಗಿ ಅದು ಬೇಕು. ಆದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ತೆರೆಯುವ ಪುಟಗಳಲ್ಲಿ ಅದೂ ಒಂದು. ಹಳೆಯ ನಮೂದುಗಳು ಅಲ್ಲಿ ಉಳಿದಿದ್ದರೆ ಅವರ ಹುಬ್ಬು ಗಂಟಾಗುತ್ತದೆ. ನಮ್ಮ ಮಾವನವರ ತಿಥಿ ಒಂದು ವರ್ಷ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬಂತು. ಅದು ಅರ್ಧವಾರ್ಷಿಕ ಲೆಕ್ಕ ಮುಗಿಸುವ ಹೊತ್ತು, ರಜೆ ಸಿಗಲಿಲ್ಲ, ನಾನು ಹೋಗಲಿಲ್ಲ. ನಮ್ಮ ಯಜಮಾನರು ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಭಾನುವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ಅವರನ್ನು ಕರೆಸುತ್ತಿದ್ದೆ. ಕೆಂಪು ಅಂಕಿ ಓಡುತ್ತಿತ್ತು, ಮಕ್ಕಳ ಶಾಲೆ, ಮಳೆ, ಅಡಿಕೆ ಕೊಯ್ಲು ಎಲ್ಲ ಮಾತನಾಡುತ್ತಿದ್ದೆವು. ಆ ಒಂದು ವಿಷಯ ಮಾತ್ರ ಸಸ್ಪೆನ್ಸಿನಲ್ಲಿತ್ತು. ದೀಪಾವಳಿಗೆ ಹೋದಾಗ ಹಂಡೆಗೆ ನೀರು ತುಂಬುತ್ತಾ ನಾನೇ ಬಾಯಿ ಬಿಟ್ಟೆ. “ಅಪ್ಪನ ತಿಥಿಗೆ ಬರಲಿಲ್ಲ ಎಂದು ನಿಮಗೆ ಬೇಸರವಾಗಿದೆಯಲ್ಲವೇ?” ಎಂದೆ. ಅವರು ಕೊಡ ಕೆಳಗಿಟ್ಟು, “ಬರದಿದ್ದದ್ದಕ್ಕೆ ಅಲ್ಲ. ಆ ದಿನ ರಾತ್ರಿ ಒಂದು ಫೋನ್ ಮಾಡಲಿಲ್ಲವಲ್ಲ” ಎಂದರು. ಒಂದು ತಿಂಗಳಿಂದ ನಾನು ತಪ್ಪು ಖಾತೆಯಲ್ಲಿ ಹುಡುಕುತ್ತಿದ್ದೆ.

ಆದರೆ ಈ ಹೋಲಿಕೆಯನ್ನು ಒಂದು ಕಡೆ ನಿಲ್ಲಿಸಲೇಬೇಕು. ಲೆಕ್ಕ ತಾಳೆ ನೋಡುವುದು ಬೇರೆ, ಜಮಾ ಖರ್ಚು ಇಡುವುದು ಬೇರೆ. ನಾಲ್ಕು ವರ್ಷ ಅವರು ಮಕ್ಕಳನ್ನು ನೋಡಿಕೊಂಡರು, ಇನ್ನು ನಾಲ್ಕು ವರ್ಷ ನಾನು ತೀರಿಸಬೇಕು ಎಂಬ ಲೆಕ್ಕವನ್ನು ನಾವು ಎಂದೂ ಬರೆಯಲಿಲ್ಲ. ಬರೆದಿದ್ದರೆ ಅವತ್ತೇ ನಾವಿಬ್ಬರೂ ಎರಡು ಬೇರೆ ಕಂಪನಿಗಳಾಗುತ್ತಿದ್ದೆವು. ಶಾಖೆ ಶಾಖೆಗೆ ಸಾಲಗಾರನಲ್ಲ. ಒಂದು ಊರಿನ ಠೇವಣಿ ಇನ್ನೊಂದು ಊರಿನ ಬಿತ್ತನೆಗೆ ಸಾಲವಾಗಿ ಹೋಗುತ್ತದೆ. ಸಾಗರದ ಅಡಿಕೆಯ ಹಣದಲ್ಲಿ ಇಳಕಲ್ಲಿನ ಮಗ್ಗ ಓಡುತ್ತದೆ. ಬ್ಯಾಂಕು ಬದುಕುವುದೇ ಹಾಗೆ.

ಪಿಗ್ಮಿಯ ಮಾತಿಗೆ ಮತ್ತೆ ಬರುತ್ತೇನೆಂದು ಹೇಳಿದ್ದೆ. ನಮ್ಮ ಶಾಖೆಯಲ್ಲಿ ಒಬ್ಬ ಪಿಗ್ಮಿ ಸಂಗ್ರಾಹಕರಿದ್ದರು, ವಯಸ್ಸಾದವರು. ಸೈಕಲ್, ಬಗಲಿಗೊಂದು ಚೀಲ. ಚಹಾದಂಗಡಿಯವರು, ತರಕಾರಿಯವರು, ನೇಕಾರರು ದಿನಕ್ಕೆ ಎರಡೋ ಐದೋ ರೂಪಾಯಿ ಕೊಡುತ್ತಿದ್ದರು. ಒಂದು ಸಂಜೆ ಲೆಕ್ಕ ಒಪ್ಪಿಸುತ್ತಾ ಅವರು ಹೇಳಿದರು: “ಮೇಡಂ, ಆ ಮೂಲೆ ಮನೆಯವರು ಮೂರು ದಿನದಿಂದ ಕೊಟ್ಟಿಲ್ಲ. ಏನೋ ಆಗಿದೆ.” ಹೋಗಿ ನೋಡಿದರೆ ಮನೆಯ ಹೆಂಗಸಿಗೆ ಜ್ವರ ಏರಿ ಎಚ್ಚರವಿರಲಿಲ್ಲ, ಗಂಡ ದಿಕ್ಕು ತೋಚದೆ ಕುಳಿತಿದ್ದ. ಜೀಪು ಮಾಡಿಕೊಂಡು ಕುಷ್ಟಗಿಗೆ ಕರೆದೊಯ್ದೆವು, ಬದುಕಿದಳು. ಐದು ರೂಪಾಯಿಗೆ ಬೆಲೆ ಎಷ್ಟು? ಏನೂ ಇಲ್ಲ. ಅದು ನಿಂತಾಗ ಯಾರೋ ಗಮನಿಸಿದರಲ್ಲ, ಬೆಲೆ ಇರುವುದು ಅದಕ್ಕೆ.

ಆ ದಿನದಿಂದ ನಮ್ಮ ಮನೆಯ ಸಣ್ಣ ಅಭ್ಯಾಸಗಳನ್ನು ನಾನು ಬೇರೆ ಕಣ್ಣಿನಿಂದ ನೋಡಲು ಕಲಿತೆ. ನಮ್ಮ ಯಜಮಾನರು ನನಗೆ ಬರೆಯುವ ಪತ್ರದ ಕೊನೆಗೆ ಆ ವಾರ ಅಂಗಳದಲ್ಲಿ ಯಾವ ಹೂವು ಬಿಟ್ಟಿದೆ ಎಂದು ಒಂದು ಸಾಲು ಇರುತ್ತಿತ್ತು. ಒಂದು ವಾರ ಆ ಸಾಲು ಇರಲಿಲ್ಲ. ರಜೆ ಹಾಕಿ, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಬೆಳಗಾಗುವ ಹೊತ್ತಿಗೆ ಮನೆ ಸೇರಿದೆ. ಶಾಲೆಯಲ್ಲಿ ಅವರಿಗೆ ಅನ್ಯಾಯವಾಗಿತ್ತು, ಬಹಳ ಕಿರಿಯರನ್ನು ಮುಖ್ಯೋಪಾಧ್ಯಾಯರನ್ನಾಗಿ ಮಾಡಿದ್ದರು. ನನಗೆ ತೊಂದರೆಯಾಗದಿರಲಿ ಎಂದು ಅವರು ಬರೆದಿರಲಿಲ್ಲ. ನಾನು ಹೋಗಿ ಮಾಡಿದ್ದೇನೂ ಇಲ್ಲ, ಜೊತೆಗೆ ಕುಳಿತಿದ್ದೆ, ಅಷ್ಟೇ.

ಕೊನೆಯದಾಗಿ ವಿಲೀನದ ಬಗ್ಗೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ಕರಾವಳಿಯವರ ಎದೆಗೆ ಅದು ತಾಗಿದ ಸಂಗತಿ. ಒಂದೇ ಬೀದಿಯಲ್ಲಿ ಎದುರುಬದುರಿದ್ದ ಶಾಖೆಗಳು ಒಂದಾಗಬೇಕಾಗಿ ಬಂದಾಗ ಕಷ್ಟವಾದದ್ದು ಬೋರ್ಡ್ ಬದಲಿಸುವುದಲ್ಲ. ಯಾರ ಕೌಂಟರ್ ಉಳಿಯಬೇಕು, ಯಾರ ರೂಢಿ ಹೋಗಬೇಕು ಎನ್ನುವುದು. ದೂರವಿದ್ದ ದಂಪತಿ ಮತ್ತೆ ಒಂದೇ ಮನೆಗೆ ಬಂದಾಗ ಇದೇ ಕಷ್ಟ ಬರುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಟ್ಟಿಗೆ ಬಂದೆವಲ್ಲ, ಇನ್ನೇನು ಎಂದುಕೊಳ್ಳುತ್ತೇವೆ.

1998ರಲ್ಲಿ ನಾನು ಸಾಗರಕ್ಕೆ ವಾಪಸಾದಾಗ ಅಡುಗೆಮನೆ ನನ್ನದಾಗಿ ಉಳಿದಿರಲಿಲ್ಲ. ಒಗ್ಗರಣೆ ಡಬ್ಬಿ ಕಿಟಕಿಯ ಹತ್ತಿರ, ಉಪ್ಪಿನ ಭರಣಿ ನೆಲದ ಮೇಲೆ, ಸಕ್ಕರೆ ಡಬ್ಬಿ ಬಾಗಿಲ ಪಕ್ಕದ ಗೂಡಿನಲ್ಲಿ. ಮೊದಲ ದಿನವೇ ಎಲ್ಲವನ್ನೂ ಮೊದಲಿದ್ದ ಜಾಗಕ್ಕೆ ಇಟ್ಟೆ. ಮರುದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾಗಿ ನೋಡಿದರೆ, ದೀಪ ಹಾಕದೆ ಕತ್ತಲಲ್ಲೇ ನಮ್ಮ ಯಜಮಾನರು ಆ ಬಾಗಿಲ ಪಕ್ಕದ ಗೂಡಿನಲ್ಲಿ ಕೈಯಾಡಿಸುತ್ತಾ ನಿಂತಿದ್ದರು. ನನ್ನ ನಿದ್ದೆ ಕೆಡಬಾರದೆಂದು ದೀಪ ಹಾಕಿರಲಿಲ್ಲ. ನಾಲ್ಕು ವರ್ಷ ಮಕ್ಕಳ ನಿದ್ದೆ ಕೆಡದ ಹಾಗೆ ಅವರು ಕತ್ತಲಲ್ಲೇ ಚಹಾ ಮಾಡಿದ್ದರು, ಕೈಗೆ ಸಿಗುವಂತೆ ಒಂದೊಂದನ್ನೂ ಜೋಡಿಸಿಕೊಂಡಿದ್ದರು.

ನಾನು ಎದ್ದು ಹೋಗಿ ಸಕ್ಕರೆ ಡಬ್ಬಿಯನ್ನು ತಂದು ಅವರ ಗೂಡಿನಲ್ಲಿಟ್ಟೆ. ಒಗ್ಗರಣೆ ಡಬ್ಬಿ ಮಾತ್ರ ನನ್ನ ಜಾಗದಲ್ಲಿ ಉಳಿಯಿತು. ಆ ಮನೆಯ ಅಡುಗೆಮನೆಯನ್ನು ಆಮೇಲೆ ಎರಡು ಸಲ ರಿಪೇರಿ ಮಾಡಿಸಿದ್ದೇವೆ. ಎರಡು ಸಲವೂ ಬಡಗಿಗೆ ಬಾಗಿಲ ಪಕ್ಕದಲ್ಲಿ ಒಂದು ಗೂಡು ಬಿಡಲು ಹೇಳಿದ್ದು ನಾನು.